ರುಚಿ ನೋಡಿದ್ದು ಲೆಕ್ಕಕ್ಕಿಲ್ಲ

"ನಿಮ್ಮ ತಕ್ಕಡಿ ಸುಳ್ಳು ಹೇಳ್ತಿದೆ!"

ಆಸ್ಪತ್ರೆಯ ತೂಕ ನೋಡುವ ಕೋಣೆಯಲ್ಲಿ ಅವಳು ಹೀಗೆ ಕೂಗಾಡಿದ್ದು ಅದೇ ಮೊದಲು. ಬೆಳಗಿನ ಐದಕ್ಕೆ ಎದ್ದು, ಮುನ್ನೂರು ರೋಗಿಗಳಿಗೆ ಬೇಯಿಸಿಟ್ಟು ಬಂದವಳು. ಕಾಲುಗಳು ನೋವಿನಿಂದ ಪದ ಹೇಳುತ್ತಿದ್ದವು.

ಮಂಡಿಯೂರಿ ತಕ್ಕಡಿ ಪರೀಕ್ಷಿಸುತ್ತಿದ್ದ ಮೆಕ್ಯಾನಿಕ್ ತಲೆಯೆತ್ತಿ ನೋಡಿದ. ಕೆಲಸಕ್ಕೆ ಬಂದು ವಾರವಾಗಿತ್ತಷ್ಟೆ. ಇಪ್ಪತ್ತು ಕೆ.ಜಿ.ಯ ಕಬ್ಬಿಣದ ತೂಕವನ್ನು ಎತ್ತಿ ಅದರ ಮೇಲಿಟ್ಟ. ಮುಳ್ಳು ನೆಟ್ಟಗೆ ಇಪ್ಪತ್ತಕ್ಕೆ ಬಂದು ನಿಂತಿತು.

"ತಕ್ಕಡಿ ಸರಿಯಾಗಿದೆ ಮೇಡಂ." ಅವಳ ಕೈಯಲ್ಲಿದ್ದ ಊಟದ ಲೆಕ್ಕದ ಪುಸ್ತಕದ ಕಡೆ ಕಣ್ಣು ಹಾಯಿಸಿದ. ದಿನಕ್ಕೆ ಸಾವಿರದ ನಾನೂರು ಕ್ಯಾಲೊರಿ, ಪುಟದ ತುಂಬಾ ಅದೇ. "ತಿಂದಿದ್ದನ್ನ ಪುಸ್ತಕದಿಂದ ಮುಚ್ಚಿಡಬಹುದು. ಇದರಿಂದ ಆಗಲ್ಲ."

ಅವಳ ಮುಖ ಸಪ್ಪಗಾಯಿತು. ಸುಳ್ಳುಗಾತಿ! ನನ್ನನ್ನ ಸುಳ್ಳುಗಾತಿ ಅಂದುಬಿಟ್ಟನಲ್ಲ...

ಅವಳಿಗೆ ತೆಳ್ಳಗೆ ಕಾಣುವ ಆಸೆಯೇನೂ ಇರಲಿಲ್ಲ. ಮೂವತ್ತಾರು ವಯಸ್ಸು. ಆ ಆಸೆ ಯಾವತ್ತೋ ಸುಸ್ತಾಗಿ ಮೂಲೆಯಲ್ಲಿ ಕೂತಿತ್ತು. ಅವಳಿಗೆ ಬೇಕಿದ್ದದ್ದು ಅಕ್ಕ. ಅಮ್ಮ ಹೋದ ಮೇಲೆ ಅಮ್ಮನ ಜಾಗದಲ್ಲಿ ನಿಂತ ಅಕ್ಕ, ಈಗ ವಾರಕ್ಕೆ ಮೂರು ದಿನ ಇದೇ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರಕ್ಕೆ ಕೈಯೊಡ್ಡಿ ಮಲಗುತ್ತಿದ್ದಳು. ತಂಗಿಯ ಕಿಡ್ನಿ ಹೊಂದುತ್ತದೆ ಎಂದು ಗೊತ್ತಾದ ದಿನ ಇಬ್ಬರೂ ತಬ್ಬಿಕೊಂಡು ಅತ್ತಿದ್ದರು. ಆಮೇಲೆ ಡಾಕ್ಟರಮ್ಮ ಹೇಳಿದ್ದರು, "ಎಂಬತ್ತನಾಲ್ಕು ಕೆ.ಜಿ. ಇದ್ದೀಯ. ಎಪ್ಪತ್ತಾರಕ್ಕೆ ಬಂದರೆ ಮಾತ್ರ ಆಪರೇಷನ್. ನನಗೆ ನಿಮ್ಮಿಬ್ಬರ ಜೀವಾನೂ ಬೇಕು."

ಆರು ವಾರ ಕಳೆದಿತ್ತು. ಇಳಿದದ್ದು ಬರೀ ಅರ್ಧ ಕೆ.ಜಿ.

ಮೆಕ್ಯಾನಿಕ್‌ನ ಮಾತು ಮುಳ್ಳಿನಂತೆ ಚುಚ್ಚಿತು. ಹಟಕ್ಕೆ ಬಿದ್ದ ಅವಳು ಮಾರನೇ ದಿನದಿಂದ ಊಟವನ್ನೇ ಬಿಟ್ಟಳು. ಬೆಳಗ್ಗೆ ಒಂದು ಲೋಟ ಹಾಲು, ಅಷ್ಟೆ.

ನಾಲ್ಕನೇ ದಿನ ಮಧ್ಯಾಹ್ನ, ಅಡುಗೆಮನೆಯ ತಕ್ಕಡಿ ನೋಡಲು ಅವನು ಬಂದಾಗ ಅವಳು ಸೂಪಿನ ಹಂಡೆಯ ಮುಂದೆ ನಿಂತಿದ್ದಳು. ಕಣ್ಣು ಕತ್ತಲೆ ಬಂತು. ಸೌಟು ಠಣ್ಣೆಂದು ಬಿತ್ತು.

"ಮೇಡಂ!"

ಎಚ್ಚರವಾದಾಗ ಅವಳು ಅಕ್ಕಿ ಮೂಟೆಗೆ ಒರಗಿ ಕೂತಿದ್ದಳು. ಎದುರಿಗೆ ಅವನು, ಕೈಯಲ್ಲಿ ಸಕ್ಕರೆ ನೀರು.

"ಊಟ ಬಿಟ್ರಾ? ನಾನು ಅಂದಿದ್ದಕ್ಕಾ?"

"ಸುಳ್ಳುಗಾತಿಗೆ ಯಾಕೆ ಊಟ?" ಎಂದಳು. ಅಕ್ಕನ ವಿಷಯವೆಲ್ಲ ತಾನಾಗಿಯೇ ಹೊರಬಂತು. "ನಾನು ಸುಳ್ಳು ಬರೆದಿಲ್ಲ ರೀ... ತಟ್ಟೆಗೆ ಹಾಕ್ಕೊಂಡಿದ್ದು ಪ್ರತಿಯೊಂದೂ ಬರೆದಿದ್ದೀನಿ. ನನಗೆ ಸಾಕಾಗಿದೆ..."

ಅವನು ತಲೆ ತಗ್ಗಿಸಿದ. "ತಪ್ಪಾಯ್ತು. ತಕ್ಕಡಿ ನೋಡಿದೆ, ಮನುಷ್ಯರನ್ನ ನೋಡಲಿಲ್ಲ."

ಅವಳು ಎದ್ದು ಹಂಡೆಯ ಹತ್ತಿರ ಹೋದಳು. ಮುನ್ನೂರು ಜನ ಕಾಯುತ್ತಿದ್ದರಲ್ಲ! ಸೌಟಿನಿಂದ ಅಂಗೈಗೆ ಸೂಪು ಸುರಿದುಕೊಂಡು ನೆಕ್ಕಿದಳು. ಉಪ್ಪು ಹಾಕಿದಳು. ಮತ್ತೆ ನೆಕ್ಕಿದಳು. ಪಕ್ಕದ ಹಂಡೆಯ ಗಂಜಿ, ಆಚೆ ಒಲೆಯ ಬೆಣ್ಣೆ ಹಾಕಿದ ಆಲೂಗಡ್ಡೆ...

ಅವನು ನೋಡುತ್ತಲೇ ಇದ್ದ.

"ಇದನ್ನ ಬರೀತೀರಾ?"

"ಯಾವುದನ್ನ?"

"ಈಗ ತಿಂದಿರಲ್ಲ."

"ತಿಂದೆನಾ? ರುಚಿ ನೋಡಿದೆ! ಅದು ಕೆಲಸ ಕಣ್ರೀ, ಊಟಾನಾ?"

ಅವನು ಒಂದು ಖಾಲಿ ಬೋಗುಣಿ ತಂದು ಅವಳ ಮುಂದಿಟ್ಟ. "ನಾಳೆ ಒಂದು ದಿನ ಪ್ರತಿ ಸಲ ಬಾಯಿಗೆ ಹಾಕ್ಕೊಂಡಷ್ಟೇ ಇದಕ್ಕೂ ಹಾಕಿ. ಆದರೆ ಮೊದಲು ಕೂತು ಊಟ ಮಾಡಿ. ನಾನು ಇಲ್ಲೇ ಇರ್ತೀನಿ."

ಕೂತು! ಈ ಅಡುಗೆಮನೆಯಲ್ಲಿ ಅವಳು ಕೂತು ಉಂಡು ಎಷ್ಟು ವರ್ಷವಾಯಿತೋ. ಊಟ ಆಯ್ತಾ ಎಂದು ಅವಳನ್ನು ಕೇಳಿದವರೂ ಇರಲಿಲ್ಲ. ಅನ್ನ, ಬೇಳೆ, ತರಕಾರಿಯ ತಟ್ಟೆ ಹಿಡಿದು ಸ್ಟೂಲಿನ ಮೇಲೆ ಕೂತಾಗ ಮೊದಲ ತುತ್ತಿಗೇ ಕಣ್ಣು ತುಂಬಿ ಬಂತು.

ಮಾರನೇ ಸಂಜೆ ಬೋಗುಣಿಯನ್ನು ತಕ್ಕಡಿಯ ಮೇಲಿಟ್ಟರು. ಬೋಗುಣಿಯ ತೂಕ ಕಳೆದು ಎಂಟುನೂರ ಹತ್ತು ಗ್ರಾಂ!

ಅವಳು ಪುಸ್ತಕ ತೆರೆದು ಲೆಕ್ಕ ಹಾಕಿದಳು. ಹೆಚ್ಚುಕಡಿಮೆ ಆರುನೂರು ಕ್ಯಾಲೊರಿ. ದಿನಾ. ಈ ಅಡುಗೆಮನೆಗೆ ಬಂದ ಹದಿನಾಲ್ಕು ವರ್ಷದಿಂದ. ಮೊದಲು ನಗು ಬಂತು. ಆಮೇಲೆ ಆ ನಗು ಅಳುವಾಯಿತು.

"ಇಷ್ಟು ದಿನ ಅಕ್ಕನ್ನ ನಾನೇ ಕಾಯಿಸಿದೆ..."

"ಕೆಲಸ ಮಾಡಿದ್ರಿ, ಅಷ್ಟೆ. ಪುಸ್ತಕದಲ್ಲಿ ಅದಕ್ಕೆ ಜಾಗ ಇರಲಿಲ್ಲ."

ಎರಡು ದಿನ ಬಿಟ್ಟು ಅವನು ಒಂದು ಪುಟ್ಟ ಚಮಚ ತಂದುಕೊಟ್ಟ. ಉಕ್ಕಿನ ತಗಡನ್ನು ಕತ್ತರಿಸಿ, ತಟ್ಟಿ, ಉಜ್ಜಿ ತಾನೇ ಮಾಡಿದ್ದು. ಇರುವೆಗೆ ಮದುವೆ ಊಟ ಬಡಿಸುವಷ್ಟಿತ್ತು.

"ಸರಿಯಾಗಿ ಒಂದು ಗ್ರಾಂ. ರುಚಿಗೆ ಇಷ್ಟು ಸಾಕು. ಊಟ ಮಾತ್ರ ತಟ್ಟೇಲಿ, ಕೂತ್ಕೊಂಡು."

ಅಲ್ಲಿಂದ ಅವಳ ದಿನಗಳೇನೂ ಹಗುರವಾಗಲಿಲ್ಲ. ಅದೇ ಐದು ಗಂಟೆ, ಅದೇ ಹಂಡೆ, ಅದೇ ಕಾಲು ನೋವು. ಕೆಲವು ವಾರ ಮುಳ್ಳು ಕದಲಲಿಲ್ಲ. ಒಮ್ಮೆ ಮೇಲಕ್ಕೇ ಹೋಯಿತು. ಆದರೆ ಮಧ್ಯಾಹ್ನ ಎರಡಕ್ಕೆ ಅವನು ತನ್ನ ಡಬ್ಬಿ ಹಿಡಿದು ಬರುತ್ತಿದ್ದ, ಅವಳು ಸ್ಟೂಲು ಎಳೆಯುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಸುಸ್ತಾದವರಿಗೆ ಪಕ್ಕದಲ್ಲಿ ಒಬ್ಬರು ಇದ್ದರೆ ಸಾಕಲ್ಲವೇ?

"ಇಲ್ಲಿ ಎಲ್ಲರೂ ನನ್ನನ್ನ ಸೌಟಕ್ಕ ಅಂತಾರೆ. ನೀವೊಬ್ಬರೇ ಮೇಡಂ ಅನ್ನೋದು," ಎಂದಳು ಒಂದು ದಿನ.

ಅವನು ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸಿದ. "ನಿಮ್ಮನ್ನ ಅಕ್ಕ ಅನ್ನೋಕೆ... ನನಗೆ ಮನಸ್ಸಿಲ್ಲ."

ಅವಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಇವನೇನು ಹೇಳಿದ?!

"ಈಗ ನನಗೆ ಅಕ್ಕನೊಬ್ಬಳೇ ತಲೇಲಿರೋದು," ಎಂದಳು ಮೆಲ್ಲಗೆ.

"ಗೊತ್ತು. ಕಾಯ್ತೀನಿ."

ಐದನೇ ತಿಂಗಳು ಮುಳ್ಳು ಎಪ್ಪತ್ತೈದೂ ಮುಕ್ಕಾಲಿಗೆ ಬಂದು ನಿಂತಿತು. ಅವಳಿಗೆ ನಂಬಿಕೆ ಬರಲಿಲ್ಲ. ಇಳಿದು ಮತ್ತೆ ಹತ್ತಿದಳು. ಅವನು ಇಪ್ಪತ್ತು ಕೆ.ಜಿ.ಯ ತೂಕ ತಂದು ತಕ್ಕಡಿಯನ್ನು ಮತ್ತೊಮ್ಮೆ ಪರೀಕ್ಷಿಸಿ ತೋರಿಸಿದ. "ಸುಳ್ಳು ಹೇಳ್ತಿಲ್ಲ," ಎಂದ.

ಆಪರೇಷನ್ ಮುಗಿದ ಮೂರನೇ ಬೆಳಗ್ಗೆ ಅವಳ ಕೋಣೆಯ ಬಾಗಿಲು ತೆರೆಯಿತು. ಕೈಯಲ್ಲಿ ಗಂಜಿಯ ಡಬ್ಬಿ ಹಿಡಿದು ಅವನು ನಿಂತಿದ್ದ.

"ಅಕ್ಕ?" ಅವಳ ಮೊದಲ ಮಾತೇ ಅದು.

"ಈಗ ನೋಡ್ಕೊಂಡು ಬಂದೆ. ಕಿಡ್ನಿ ಚೆನ್ನಾಗಿ ಕೆಲಸ ಮಾಡ್ತಿದೆಯಂತೆ. ಆಸ್ಪತ್ರೆ ಊಟ ಸಪ್ಪೆ, ನನ್ನ ತಂಗಿ ಯಾವಾಗ ಅಡುಗೆಗೆ ಬರ್ತಾಳೆ ಅಂತ ನರ್ಸ್ ಹತ್ರ ಜಗಳ ಆಡ್ತಿದ್ದಾರೆ."

ಅವಳು ಕಣ್ಣು ಮುಚ್ಚಿದಳು. ಕಣ್ಣೀರು ಕಿವಿಯವರೆಗೆ ಹರಿಯಿತು. ಎಷ್ಟೋ ತಿಂಗಳ ದಣಿವು ಅದರ ಜೊತೆಗೇ ಇಳಿದುಹೋದಂತಿತ್ತು.

ಅವನು ಅಡುಗೆಮನೆಯಿಂದ ತಂದಿದ್ದ ಆ ಪುಟ್ಟ ಚಮಚವನ್ನು ಜೇಬಿನಿಂದ ತೆಗೆದು ಗಂಜಿಗೆ ಅದ್ದಿ ಅವಳ ತುಟಿಗೆ ಹಿಡಿದ.

"ಇದರಲ್ಲಿ ತಿನ್ನಿಸಿದ್ರೆ ಸಂಜೆ ಆಗುತ್ತೆ ರೀ!"

"ಆಗಲಿ. ನನಗೇನೂ ಅವಸರ ಇಲ್ಲ... ಉಪ್ಪು ಸರಿಯಿದೆಯಾ?"

"ಉಪ್ಪೇ ಇಲ್ಲ."

"ಅಯ್ಯೋ!"

ಅವಳು ಅವನ ಕೈಯನ್ನು ಬಿಡದೆ ಹಿಡಿದುಕೊಂಡಳು. "ಪರವಾಗಿಲ್ಲ. ಇನ್ನು ಮೇಲೆ ನಮ್ಮ ಮನೇಲಿ ರುಚಿ ನಾನು ನೋಡ್ತೀನಿ."

"ನಮ್ಮ ಮನೇಲಾ?"

"ಹೂಂ. ನೀವು ಮಾತ್ರ ದಿನಾ ಕೇಳ್ಬೇಕು..."

"ಏನಂತ?"

"ಊಟ ಆಯ್ತಾ ಅಂತ."