ಐಸ್ ಫ್ಯಾಕ್ಟರಿಯ ಬೀಗದ ಕೈ

"ಇವತ್ತೂ ಲೇಟು," ಎಂದ ಐಸ್ ಫ್ಯಾಕ್ಟರಿಯವನು, ಪಂಪ್ ರೂಮಿನ ಬಾಗಿಲಿಗೆ ಒರಗಿ. "ನನ್ನ ಮುಖ ನೋಡೋಕೆ ಅಷ್ಟು ಬೇಜಾರಾ?"

"ನಿನ್ನ ಮುಖ ಅಲ್ಲಪ್ಪಾ, ನಾನು ಮೀಟರ್ ನೋಡೋಕೆ ಬರೋದು," ಎಂದಳು ಲಾಂಡ್ರಿಯವಳು. ಸೋಪಿಗೆ ಸವೆದ ತನ್ನ ಬೆರಳುಗಳ ಮೇಲೆ ಅವನ ಕಣ್ಣು ನಿಂತದ್ದು ಗೊತ್ತಾಗಿ, ಬೇಕೆಂದೇ ನಿಧಾನವಾಗಿ ಬೀಗ ತೆಗೆದಳು.

ಆ ಬೀದಿಯ ಬೋರ್‌ವೆಲ್‌ಗಳೆಲ್ಲ ನೆಲದಡಿಯ ಒಂದೇ ನೀರಿಗೆ ಬಾಯಿ ಹಾಕಿದ್ದವು. ಹೋದ ಬೇಸಿಗೆಯಲ್ಲಿ ಐಸ್ ಫ್ಯಾಕ್ಟರಿಯ ಪಂಪು ಬಿಡುವಿಲ್ಲದೆ ಎಳೆದು, ಉಳಿದವರ ಪೈಪುಗಳಲ್ಲಿ ಬರೀ ಗಾಳಿ ಬಂದಿತ್ತು. ಕೂಗಾಡಿ ಗಂಟಲು ಒಣಗಿದ ಮೇಲೆ ಎಲ್ಲರೂ ಕೂತು ಒಪ್ಪಿಕೊಂಡರು: ದಿನಕ್ಕೆ ಇಷ್ಟೇ ನೀರು, ಒಬ್ಬರ ಪಂಪ್ ರೂಮಿನ ಬೀಗದ ಕೈ ಇನ್ನೊಬ್ಬರ ಬಳಿ; ಐಸ್ ಫ್ಯಾಕ್ಟರಿಯದು ಲಾಂಡ್ರಿಯವಳ ಬಳಿ. ಕಾನೂನಿಲ್ಲ, ಪೊಲೀಸಿಲ್ಲ. ಕೊಟ್ಟ ಮಾತೊಂದೇ ಕಾವಲು.

ದಿನಾ ಹೋಗಿ ಬರುತ್ತ ಅವಳು ಮನಸ್ಸನ್ನೂ ಅಲ್ಲೇ ಬಿಟ್ಟು ಬಂದಳು. ಅವಳ ಉರಿಯುವ ಅಂಗೈಗೆ ಐಸ್ ಚೂರು ಒತ್ತಿ ಅವನು "ಮದುವೆ ಆಗೋಣ್ವಾ?" ಎಂದಾಗ, ಅದು ಪೂರ್ತಿ ಕರಗುವವರೆಗೂ ಅವಳು ಕೈ ಎಳೆದುಕೊಳ್ಳಲಿಲ್ಲ.

ಬೋರ್‌ವೆಲ್‌ನವರ ಸಭೆಯಲ್ಲಿ ಸುದ್ದಿ ಹೇಳಿದವನು ಅವನೇ. ಚಪ್ಪಾಳೆ ಬಿತ್ತು. ಅದು ನಿಲ್ಲುವ ಮೊದಲೇ ಸೇರಿಸಿದ: "ಇನ್ನು ನನ್ನ ಪಂಪಿನ ಕೀ ನಮ್ಮನೇಲೇ ಇರುತ್ತೆ. ಅವಳ ಹತ್ರಾನೇ. ರೂಲ್ಸ್ ಮುರಿದ ಹಾಗೇನೂ ಆಗಲ್ಲ."

"ಭಲೇ ಮದುಮಗ!" ಎಂದಳು ನರ್ಸರಿ ಅಕ್ಕ, ಹೋದ ಬೇಸಿಗೆಯಲ್ಲಿ ಸಸಿಗಳನ್ನೆಲ್ಲ ಒಣಗಿಸಿಕೊಂಡವಳು. "ಹೆಂಡ್ತಿ ಸೆರಗಿಂದ ಕೀ ಎತ್ಕೊಳ್ಳೋಕೆ ಎಷ್ಟೊತ್ತು ಬೇಕು?"

ಎಲ್ಲರೂ ನಕ್ಕರು. ಲಾಂಡ್ರಿಯವಳು ಅವನನ್ನೇ ಕೇಳಿದಳು.

"ನಿಜ ಹೇಳು. ನಿಂಗೆ ಬೇಕಾಗಿದ್ದು ನಾನಾ, ಕೀನಾ?"

"ಎರಡೂ," ಎಂದ, ಕಣ್ಣಲ್ಲಿ ಅದೇ ಮುದ್ದು. "ತಪ್ಪೇನು ಚಿನ್ನಾ? ಬೇಸಿಗೆ ಬರ್ತಿದೆ. ಐಸು ಕೇಳೋರು ಈಗ್ಲೇ ಕ್ಯೂ ನಿಂತಿದ್ದಾರೆ."

ಅವಳು ಎದ್ದು ಹೋಗಿ ಬೀಗದ ಕೈಯನ್ನು ನರ್ಸರಿ ಅಕ್ಕನ ಮಡಿಲಿಗೆ ಹಾಕಿದಳು. ಎಲ್ಲರೆದುರೇ ಅವನತ್ತ ತಿರುಗಿದಳು.

"ಈಗ ನಾನೊಬ್ಬಳೇ ಉಳಿದೆ. ನಿನ್ನ ಕಂಡ್ರೆ ಜೀವ ನಂಗೆ, ಮುಚ್ಚಿಟ್ಟು ಏನು ಮಾಡ್ಲಿ? ಮದುವೆ ಆಗ್ತೀಯಾ?"

ಅವನು ಕುರ್ಚಿಯನ್ನು ಕೊಂಚ ಸರಿಸಿಕೊಂಡ, ನರ್ಸರಿ ಅಕ್ಕನ ಕಡೆಗೆ. ಅವೇ ಮುದ್ದಿನ ಕಣ್ಣುಗಳನ್ನು ಅಕ್ಕನತ್ತ ಅರಳಿಸಿದ.

"ಅಕ್ಕಾ, ನೀವು ದೊಡ್ಡ ಮನಸ್ಸಿನವರು. ಬೇಸಿಗೇಲಿ ದಿನಾ ಒಂದು ಗಂಟೆ ಜಾಸ್ತಿ ಬಿಡ್ತೀರಲ್ವಾ?"

ಅಕ್ಕ ಸಭೆಯನ್ನು ಕೇಳಿದಳು: "ಜಾಸ್ತಿ ಬೇಡ ಅನ್ನೋರು ಕೈ ಎತ್ರಪ್ಪಾ."

ಮೊದಲು ಎದ್ದದ್ದು ಲಾಂಡ್ರಿಯವಳ ಕೈ. ಎಲ್ಲರವೂ ಇಳಿದ ಮೇಲೂ ಅದು ಮೇಲೆಯೇ ಇತ್ತು.