ಸರದಿಯ ನೀರು

ಫೆಬ್ರವರಿ ಏಳು, ಗುರುವಾರ. ಬೆಳಗ್ಗೆ ಏಳು ನಲವತ್ತಕ್ಕೆ ಲೆಮಾಲಿ ಚರ್ಚಿನ ಪಾದ್ರಿ ಉರಾಸ ಬಾಡಿಗೆ ಬೈಕಿನಿಂದ ಇಳಿದು, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡೇ ಠಾಣೆಯೊಳಕ್ಕೆ ಬಂದರು. ಇನ್ಸ್‌ಪೆಕ್ಟರ್ ತೆಮು ಟೀ ಲೋಟ ಕೆಳಗಿಟ್ಟ.

"ನಮ್ಮ ಮೇಸ್ತ್ರಿ ಕ್ವೆಕ ಹೋಗ್ಬಿಟ್ಟ ಸಾಹೇಬ್ರೆ. ಪಾಯದ ಗುಂಡಿಗೆ ನೀರು ನುಗ್ಗಿ ದರೆ ಕುಸೀತು."

"ಮಳೆ ಎಲ್ಲಿ ಬಂತು?"

"ಮಳೆಯಲ್ಲ, ಕಾಲುವೆ ನೀರು. ಯಾರೋ ಬೇಕಂತ್ಲೇ ತಿರುಗಿಸಿದ್ದಾರೆ. ಹದಿನೈದು ದಿನದ ಹಿಂದೆ ಸರ್ವೆ ಗೂಟ ಕಿತ್ತು ಬಿಸಾಕಿದ್ರು. ಯಾರದ್ದೋ ತರಲೆ ಅಂತ ಸುಮ್ನಿದ್ದೆ. ನನ್ನ ಬುದ್ಧಿಗಿಷ್ಟು!"

ಎಂಟೂ ಐದಕ್ಕೆ ಎಫ್‌ಐಆರ್ ದಾಖಲಾಯಿತು.

ಚರ್ಚಿನ ಹಿಂದಿನ ಮೂರೆಕರೆ ಇಳಿಜಾರು ನಲವತ್ತು ವರ್ಷ ಪಾಳು ಬಿದ್ದಿತ್ತು. ಅಂಗಡಿ ಮಳಿಗೆ ಕಟ್ಟೋಣವೆಂದು ಅರ್ಧ ಸಭೆ ಕುಣಿದರೂ, ಹೆರಿಗೆ ಆಸ್ಪತ್ರೆಯೇ ಆಗಬೇಕೆಂದು ಹಟ ಹಿಡಿದು ಗೆದ್ದವರು ಜಮೀನು ಸಮಿತಿಯ ಅಧ್ಯಕ್ಷ, ಎಪ್ಪತ್ತು ದಾಟಿದ ಐಕಾಯೆಲಿ ಮೋಶ. "ದೇವರ ನೆಲ ಭಾನುವಾರ ಮಾತ್ರ ಎದ್ದು ಕೂತ್ರೆ ಸಾಕಾ? ನಮ್ಮ ಹೆಂಗಸ್ರು ದಾರೀಲಿ ಹೆರ್ತಿದ್ದಾರೆ" ಎಂದು ಅವರು ಗುಡುಗಿದ್ದು ಊರಿಗೆಲ್ಲ ಬಾಯಿಪಾಠ.

ಒಂಬತ್ತೂವರೆಗೆ ಪಂಚನಾಮೆ. ಮೇಲಿನ ಕಾಲುವೆಗೆ ಬಾಳೆದಿಂಡು, ಹುಲ್ಲುಹೆಂಟೆ ಅಡ್ಡ ಕಟ್ಟಿ, ಪಕ್ಕದ ಒಡ್ಡು ಕಡಿದಿದ್ದರು. ದಿಂಡುಗಳು ಒಂದಕ್ಕೊಂದು ಕಚ್ಚಿ ಕೂತಿದ್ದವು. ಪಳಗಿದ ಕೈಯ ಕೆಲಸ. ಆಳುದ್ದದ ಗುಂಡಿಯ ಅಂಚಿಗೆ ಇಸಾಲೆ ಗಿಡಗಳ ಸಾಲು. ಈ ಬೆಟ್ಟದಲ್ಲಿ ಎಲ್ಲರೂ ಜಮೀನಿನ ಗಡಿಗೆ ನೆಡುವ ಗಿಡ ಅದು. ಮರುದಿನ ಅದನ್ನು ಕಿತ್ತು ಪಾಯ ಮುಂದುವರಿಸಬೇಕಿತ್ತು. ಪಾಳು ನೆಲದಲ್ಲಿ ಅದೊಂದು ಸಾಲನ್ನು ಮಾತ್ರ ಯಾರೋ ನೀಟಾಗಿ ಸವರಿದ್ದರು. ತೆಮುವಿಗೆ ಏಕೋ ಆ ಅಚ್ಚುಕಟ್ಟು ಹಿಡಿಸಲಿಲ್ಲ.

ಕಾನ್ಸ್‌ಟೇಬಲ್ ಶಿರೀಮನನ್ನು ಅಲ್ಲಿ ಕಾವಲಿಗೆ ಹಾಕಿದ.

"ಸೋಮವಾರ ಕೆಲಸ ಶುರು ಮಾಡ್ಬೇಕು ಸಾಹೇಬ್ರೆ" ಎಂದರು ಪಾದ್ರಿ.

"ಇನ್ನೊಂದು ಹೆಣ ಬೀಳ್ಬೇಕಾ? ನಾನು ಹೇಳೋವರೆಗೆ ಗುಂಡಿಗೆ ಯಾರೂ ಇಳೀಬಾರ್ದು."

ಶನಿವಾರ ಬೆಳಗ್ಗೆ ಕ್ವೆಕನ ಹೆಂಡತಿ ನ್ದೇಶಿ ಹೇಳಿಕಳಿಸಿದಳು. ಬಾಗಿಲ ಸಂದಿಗೆ ಗಂಟು ಹಾಕಿದ ಇಸಾಲೆ ಎಲೆಯೊಂದನ್ನು ಯಾರೋ ಸಿಕ್ಕಿಸಿ ಹೋಗಿದ್ದರು. ಇಸಾಲೆ ಎಲೆ ಬಂತೆಂದರೆ ಕ್ಷಮೆ ಕೇಳಿದ ಹಾಗೆ, ಇಲ್ಲವೆನ್ನುವಂತಿಲ್ಲ. ಅಂಗಳದ ತುಂಬ ಹಿರಿಯರು ಕೂತಿದ್ದರು. ಮೋಶ ಅವಳ ಕೈ ಹಿಡಿದುಕೊಂಡಿದ್ದರು.

"ಬಂದ ಎಲೆ ಹಿಂದಕ್ಕೆ ಕಳಿಸಬಾರ್ದು ಮಗಳೇ. ಕ್ಷಮಿಸಿಬಿಡು."

"ಯಾರನ್ನ ಅಂತ ಕ್ಷಮಿಸ್ಲಿ ಅಜ್ಜ? ಗಾಳೀನಾ?" ನ್ದೇಶಿ ತೆಮುವಿನತ್ತ ತಿರುಗಿದಳು. "ನನಗೆ ಹೆಸರು ಬೇಕು. ಬಿಸಿಲೇರೋ ಮುಂಚೆ ಒಂದು ಮೂಲೆ ಮುಗಿಸ್ತೀನಿ ಅಂತ ಆರಕ್ಕೇ ಎದ್ದು ಹೋದವರು ಅವರು. ಎಂಟರವರೆಗೆ ಮಲಗಿದ್ದಿದ್ರೆ ಬದುಕಿರ್ತಿದ್ರು."

ತೆಮು ಎಲೆಯನ್ನು ಲಕೋಟೆಗೆ ಹಾಕಿಕೊಂಡು ನೇರ ಗುಂಡಿಯ ಹತ್ತಿರ ಹೋದ. ಸಾಲಿನ ನಾಲ್ಕನೇ ಗಿಡದಲ್ಲಿ ಹಸಿ ಕೊಯ್ತ. ಎಲೆಯ ಬುಡ ಇಟ್ಟು ನೋಡಿದರೆ ಸರಿಯಾಗಿ ಕೂತಿತು.

"ಇಲ್ಲಿಗೆ ಯಾರು ಬಂದಿದ್ರು?"

"ಯಾರೂ ಇಲ್ಲ ಸಾರ್" ಎಂದ ಶಿರೀಮ, ಆಮೇಲೆ ತಲೆ ಕೆರೆದುಕೊಂಡ. "ಮೋಶ ಅಜ್ಜ ಒಬ್ರು. ಪ್ರಾರ್ಥನೆ ಮಾಡ್ತೀನಿ ಅಂದ್ರು, ಬಿಟ್ಟೆ."

"ಭೇಷ್! ಕಾವಲಿಗೆ ನಿನ್ನ ಬದಲು ಒಂದು ಮೇಕೆ ಕಟ್ಟಿದ್ರೆ ಆಗ್ತಿತ್ತು."

ಇಸಾಲೆ ಯಾರ ಹಿತ್ತಲಲ್ಲಿಲ್ಲ? ಪೊಲೀಸ್ ಕಾವಲಿರುವ ಗಿಡದ್ದೇ ಎಲೆ ಏಕೆ ಬೇಕಾಯಿತು? ಮಧ್ಯಾಹ್ನ ಎರಡಕ್ಕೆ ಅವನು ಕಾಲುವೆ ಮುಖ್ಯಸ್ಥ ಸ್ವಾಯಿಯನ್ನು ಹಿಡಿದ.

"ಗುರುವಾರ ಬೆಳಗಿನ ನೀರು ಯಾರ ಸರದಿ?"

"ಐದರಿಂದ ಎಂಟು, ಮೋಶ ಅಜ್ಜಂದು. ಹತ್ತು ದಿನಕ್ಕೊಮ್ಮೆ ಬರೋ ನೀರು, ಸಾಹೇಬ್ರೆ. ಯಾರೂ ಬಿಟ್ಟುಕೊಡಲ್ಲ."

ನಾಲ್ಕು ಗಂಟೆಗೆ ತೆಮು ಮೋಶರ ಬಾಳೆತೋಟದಲ್ಲಿ ನಿಂತಿದ್ದ. ಬುಡದ ಮಣ್ಣನ್ನು ಹಿಡಿಯಷ್ಟು ಎತ್ತಿ ಉಜ್ಜಿದ. ಧೂಳು ಹಾರಿತು.

"ಮೊನ್ನೆ ತಾನೆ ನಿಮ್ಮ ಸರದಿ ಆಗಿದೆ. ನೀರೆಲ್ಲಿ ಹೋಯ್ತು ಅಜ್ಜ?"

ಮೋಶ ಬಾಳೆಗೆ ಒರಗಿ ಕೂತರು.

"ಎಂಟಕ್ಕೆ ಮುಂಚೆ ಯಾರೂ ಬರಲ್ಲ ಅಂದ್ಕೊಂಡಿದ್ದೆ, ಮಗಾ. ದೇವರಾಣೆ. ಗುಂಡಿ ಮುಚ್ಚಿಹೋದ್ರೆ ಸಾಕಾಗಿತ್ತು."

"ಗೋರಿ ಮೇಲೂ ಇಸಾಲೆ ನೆಡ್ತಾರೆ ಅಜ್ಜ. ಅಷ್ಟು ನೀಟಾಗಿ ಸವರಿಟ್ಟ ಆ ಸಾಲಿನ ಕೆಳಗೆ ಯಾರಿದ್ದಾರೆ?"

"ನನ್ನ ಮೊದಲನೇ ಹೆಂಡತಿ. ಬಯಲುಸೀಮೆಯವಳು, ದೀಕ್ಷಾಸ್ನಾನ ಆಗಿರ್ಲಿಲ್ಲ. ಹೆರಿಗೆಗೆ ಅಂತ ಹೊತ್ಕೊಂಡು ಹೋಗ್ತಾ ದಾರೀಲೇ ಹೋದ್ಲು, ಹೊಟ್ಟೇಲಿದ್ದ ಕೂಸೂ ಹೋಯ್ತು. ಚರ್ಚಿನ ಸ್ಮಶಾನದಲ್ಲಿ ಜಾಗ ಕೊಡ್ಲಿಲ್ಲ. ಆ ಇಳಿಜಾರು ಆಗ ನಮ್ಮದೇ. ಅಪ್ಪ ಗುಟ್ಟಾಗಿ ಹೂಳಿಸಿ, ತವರಿಗೆ ಓಡಿಹೋದ್ಲು ಅಂತ ಊರಿಗೆ ಸಾರಿದ. ಆಮೇಲೆ ಜಮೀನನ್ನೇ ಚರ್ಚಿಗೆ ಬರೆದುಕೊಟ್ಟ. ನಾನು ಬಾಯಿ ಬಿಡ್ಲಿಲ್ಲ. ಇನ್ನೊಂದು ಮದುವೆ ಆದೆ, ಸಭೆ ಹಿರಿಯನಾದೆ. ಅವಳ ತಲೆ ಮೇಲೆ ಇಸಾಲೆ ನೆಟ್ಟೆ. ಜನ ಗಡಿ ಅಂದ್ಕೊಂಡ್ರು, ಅಂದ್ಕೊಳ್ಳಲಿ ಅಂತ ಬಿಟ್ಟೆ. ನ್ದೇಶಿಗೆ ಎಲೇನೂ ಅಲ್ಲಿಂದ್ಲೇ ಕೊಯ್ದೆ, ಇಬ್ರ ಹತ್ರಾನೂ ಕ್ಷಮೆ ಕೇಳಿದ ಹಾಗಾಗ್ಲಿ ಅಂತ."

"ಆಸ್ಪತ್ರೆ ಬೇಕು ಅಂದವರೂ ನೀವೇ."

"ಅವಳಿಗೋಸ್ಕರಾನೇ. ನಾನು ಹೇಳಿದ್ದು ಮೇಲಿನ ಜಾಗ. ಇಂಜಿನಿಯರು ನಕ್ಷೆ ಕೆಳಕ್ಕೆ ತಂದ."

"ಸಮಿತೀಲಿ ಒಂದು ಮಾತು ಹೇಳ್ಬಾರ್ದಿತ್ತಾ?"

"ಓಡಿಹೋದವಳು ಅಂತ ನಲವತ್ಮೂರು ವರ್ಷ ಹೆಸರು ಕೆಡಿಸಿದೀನಿ. ಯಾವ ಬಾಯಲ್ಲಿ ಹೇಳ್ಲಿ?"

ನಾಲ್ಕೂ ಮುಕ್ಕಾಲಿಗೆ ಬಂಧನವಾಯಿತು. ಜೀಪು ಹತ್ತುವಾಗ ಶಿರೀಮ ಮುದುಕನ ಮೊಣಕೈ ಹಿಡಿದ. ಬೇಡಿ ಹಾಕಲು ಅವನಿಗೆ ಮನಸ್ಸು ಬರಲಿಲ್ಲ.

ಮಂಗಳವಾರ ನ್ಯಾಯಾಧೀಶರ ಆದೇಶದಂತೆ ನೆಲ ಅಗೆದರು. ಎರಡು ಅಸ್ಥಿಪಂಜರಗಳು, ಒಂದು ಅಂಗೈಯಗಲದ ಕೂಸಿನದು. ಮಣ್ಣಿನ ನಡುವೆ ಬಯಲುಸೀಮೆಯ ಹೆಂಗಸರು ತೊಡುವ ಕೆಂಪು ಮಣಿಗಳು. ಇಂಜಿನಿಯರು ಟೊಪ್ಪಿಗೆ ತೆಗೆದು ನಿಂತ. "ಹನ್ನೆರಡು ಅಡಿ ಮೇಲಕ್ಕೆ ಸರಿಸಿದ್ರೆ ಆಗ್ತಿತ್ತು ಸಾರ್. ಅರ್ಧ ದಿನದ ಕೆಲಸ. ಒಬ್ರೂ ನನ್ನ ಕೇಳ್ಲೇ ಇಲ್ಲ." ಆ ಮಾತನ್ನು ತೆಮು ಪಂಚನಾಮೆಯಲ್ಲಿ ಬರೆಸಲಿಲ್ಲ, ಮೋಶರಿಗೂ ತಿಳಿಸಲಿಲ್ಲ.

ಸಂಜೆ ನ್ದೇಶಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ. ಅವಳು ತನ್ನ ಬಲಗೈಯನ್ನೇ ನೋಡುತ್ತ ಕೂತಳು. ಶನಿವಾರ ಮೋಶ ಹಿಡಿದುಕೊಂಡಿದ್ದ ಕೈ ಅದು.

"ನಾಳೆ ಆ ಹೆಂಗಸಿಗೂ ಕೂಸಿಗೂ ಪಾದ್ರಿಗಳು ಪ್ರಾರ್ಥನೆ ಇಟ್ಕೊಂಡಿದ್ದಾರಂತೆ" ಎಂದಳು ಕೊನೆಗೆ. "ನಾನು ಬರ್ತೀನಿ ಅಂತ ಹೇಳಿ. ಅವಳಿಗೋಸ್ಕರ ಬರ್ತೀನಿ. ಎಲೆ ಮಾತ್ರ ನಿಮ್ಮ ಹತ್ರಾನೇ ಇರ್ಲಿ, ಸಾಹೇಬ್ರೆ."