ಮಲ್ಲಿಗೆ ಪೊಟ್ಟಣದ ಚೀಟಿ

೧೯೯೯ರ ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ, ಹಡಗಲಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಜಂಬಣ್ಣ ತನ್ನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. ಆಗ ಮಾಗಳದ ಎರ್ರೆಮ್ಮ ಖಾಲಿ ಹೂಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು, ಒಳಗೆ ಕುಳಿತಿದ್ದ ಬೆನಕಪ್ಪನವರ ಮುಂದೆ ಸೆರಗೊಡ್ಡಿದಳು.

"ಪೋಸ್ಟಿನ ಸಾಹೇಬ್ರ, ನನ್ನ ಮಗನ್ನ ಉಳಿಸಿಕೊಡ್ರಿ. ಅವನ ಕೈ ಮುರೀತೀವಿ ಅಂತ ಹೇಳಿ ಕಳಿಸ್ಯಾರ. ನಾಡದು ಅವನ ಪರೀಕ್ಷಿ ಐತಿ."

ಬೆನಕಪ್ಪನವರು ಮೂವತ್ತನಾಲ್ಕು ವರ್ಷ ಅಂಚೆ ಇಲಾಖೆಯಲ್ಲಿ ದುಡಿದು ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದವರು. ಊರಿನಲ್ಲಿ ಯಾವುದಕ್ಕಾದರೂ ತಲೆಬುಡ ಸಿಗದಿದ್ದರೆ ಜನ ಠಾಣೆಗಿಂತ ಮೊದಲು ಅವರು ದಿನಾ ಕೂರುವ ಈ ಹೊಲಿಗೆ ಅಂಗಡಿಗೆ ಬರುತ್ತಿದ್ದರು. ಅವರು ಎರ್ರೆಮ್ಮನಿಗೆ ನೀರು ಕೊಡಿಸಿದರು. "ಮೊದಲಿಂದ ಹೇಳು. ಅಳೋದು ಆಮೇಲೆ."

ಸಂಗತಿ ಇಷ್ಟು. ಎರ್ರೆಮ್ಮನ ಮಗ ಹುಲುಗೇಶ, ಹಾರ್ಡ್‌ವೇರ್ ವ್ಯಾಪಾರಿ ಗುರುಬಸವರಾಜರ ಮಗಳು ವಾಣಿಶ್ರೀ, ಸೈಕಲ್ ರಿಪೇರಿಯ ಬೊಮ್ಮಪ್ಪನ ಮಗಳು ಗೀತಾಂಜಲಿ, ಈ ಮೂವರೂ ಎರಡನೆಯ ಪಿಯುಸಿ ಓದುವ ಗೆಳೆಯರು. ಎರ್ರೆಮ್ಮ ದಿನಾ ಬೆಳಿಗ್ಗೆ ಆರಕ್ಕೆ ಗುರುಬಸವರಾಜರ ಮನೆಗೆ ಸಂಜೆಯ ಪೂಜೆಯ ಮಲ್ಲಿಗೆ ಮುಟ್ಟಿಸುತ್ತಿದ್ದಳು. ಸೋಮವಾರ ದೀಪ ಹಚ್ಚುವ ಹೊತ್ತಿಗೆ ಯಜಮಾನರು ಹೂವಿನ ಪೊಟ್ಟಣ ಬಿಚ್ಚಿದಾಗ ಅದರೊಳಗೆ ಹುಲುಗೇಶನ ಹೆಸರಿನ ಚೀಟಿಯೊಂದು ಇತ್ತು. ಆ ಕ್ಷಣಕ್ಕೇ ಮಗಳ ಹಾಲ್‌ಟಿಕೆಟ್ ಬೀರುವಿಗೆ ಸೇರಿತು.

ಬೆನಕಪ್ಪನವರು ಜಂಬಣ್ಣನೊಡನೆ ಮನೆಗೆ ಹೋದಾಗ ಗುರುಬಸವರಾಜರು ಚೀಟಿಯನ್ನು ಅವರ ಮುಂದೆ ಎಸೆದರು. "ಓದ್ರಿ. ಅಕ್ಷರ ಅವಂದ. ಅವನ ನೋಟ್‌ಬುಕ್ಕಿಗೆ ಹೋಲಿಸಿ ನೋಡೀನಿ."

ಜಂಬಣ್ಣ ಭುಜದ ಮೇಲಿಂದ ಇಣುಕಿದ. ನೀಲಿ ಮಸಿಯಲ್ಲಿ, ಗೀಟು ಎಳೆದಷ್ಟು ಸ್ಪಷ್ಟವಾಗಿ ಬರೆದಿತ್ತು: "ವಾಣಿ, ಕೊನೆಯ ಪರೀಕ್ಷೆಯ ದಿನ ನೆಟ್ಟಗೆ ಮಾಗಳಕ್ಕೆ ಬಾ. ಮೊದಲ ಹರಿಗೋಲಿಗೆ ಹೊಳೆ ದಾಟೋಣ. ಹುಲುಗೇಶ."

ಬೆನಕಪ್ಪನವರು ಕಾಗದವನ್ನು ಬೆಳಕಿಗೆ ಹಿಡಿದರು, ಬೆರಳಿನಿಂದ ಸವರಿದರು. "ಪೊಟ್ಟಣ ದಿನವೆಲ್ಲ ಎಲ್ಲಿತ್ತು?"

"ದೇವರ ಕೋಣ್ಯಾಗ, ಒದ್ದಿ ಬಟ್ಟಿ ಹೊಚ್ಚಿ ಇಟ್ಟಿದ್ದೆ," ಎಂದರು ಯಜಮಾನರ ವಿಧವೆ ಅಕ್ಕ ಕೊಟ್ರಬಸಮ್ಮ. "ನಾನು ಓದು ಬರಹ ಇಲ್ಲದಾಕಿ. ನನ್ನ ಕೇಳಬ್ಯಾಡ್ರಿ."

ಸೋಮವಾರ ಯಜಮಾನರು ಸಂಜೆಯವರೆಗೆ ಅಂಗಡಿಯಲ್ಲಿದ್ದರು. ಮನೆಯಲ್ಲಿದ್ದವರು ಕೊಟ್ರಬಸಮ್ಮ, ಆಕೆಯ ಮಗ ಕೊಟ್ರಸ್ವಾಮಿ, ವಾಣಿಶ್ರೀ, ಮಧ್ಯಾಹ್ನ ಜೊತೆಗೂಡಿ ಓದಲು ಬಂದ ಗೀತಾಂಜಲಿ. ವಾಣಿಯನ್ನು ಸೋದರತ್ತೆಯ ಮಗನಾದ ಕೊಟ್ರಸ್ವಾಮಿಗೆ ತಂದುಕೊಳ್ಳುವುದೆಂದು ಅವಳ ತೊಟ್ಟಿಲ ದಿನವೇ ಮಾತಾಗಿತ್ತು.

ಕೊಟ್ರಸ್ವಾಮಿ ಅಂಗಳದಲ್ಲಿ ಟ್ರ್ಯಾಕ್ಟರ್ ತೊಳೆಯುತ್ತಿದ್ದ.

"ಮಾಗಳ ಗೊತ್ತೇನಪ್ಪಾ?" ಎಂದು ಬೆನಕಪ್ಪನವರು ಕೇಳಿದರು.

"ವಾರಕ್ಕ ಎರಡು ಸಲ ಹೊಳ್ಯಾಗ ಗಾಡಿ ಇಳಸ್ತೀನ್ರಿ, ಉಸುಕು ತರಾಕ. ಆ ಮಗ ಕಂಡ್ರ ಅಲ್ಲೇ ಹೂಳ್ತೀನಿ."

ಒಳಗೆ ವಾಣಿಶ್ರೀ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಪಕ್ಕದಲ್ಲಿದ್ದ ಗೀತಾಂಜಲಿ, ಅವರು ಅದೇ ಪ್ರಶ್ನೆ ಕೇಳಿದಾಗ, ತಡವರಿಸದೆ ಉತ್ತರಿಸಿದಳು. "ಒಂದ ಸಲ ಹೋಗೀನ್ರಿ, ಶ್ರಾವಣದಾಗ, ಹುಲುಗೇಶನ ಅವ್ವ ಊಟಕ್ಕ ಕರದಿದ್ರು. ಹರಿಗೋಲಿನ್ಯಾಗ ಕುಂತು ತಲಿ ತಿರುಗಿ ಬಿದ್ದಿದ್ದೆ. ಈಕಿ ಇನ್ನೂ ನಗತಾಳ."

ವಾಣಿಶ್ರೀ ನಗಲಿಲ್ಲ.

ಹೊರಗೆ ಬಂದೊಡನೆ ಜಂಬಣ್ಣನಿಗೆ ತಡೆಯಲಾಗಲಿಲ್ಲ. "ಇದು ಕೊಟ್ರಸ್ವಾಮಿ ಕೆಲಸನ ರೀ. ಹುಡುಗನ್ನ ಓಡಿಸಿದ್ರ ಹುಡುಗಿ ಅವಂಗ."

"ಅಳತಿ ತೊಗೊಳ್ಳದ ಬಟ್ಟಿ ಕತ್ತರಸ್ತೀಯೇನೋ ನೀನು? ನಡಿ, ಬಸ್ಸು ಹಿಡಿಯೋಣ."

ಮಾಗಳದಲ್ಲಿ ತುಂಗಭದ್ರೆ ಆ ವರ್ಷ ಮಾರ್ಚಿಗೇ ಬಡವಾಗಿತ್ತು. ಬಿಳಿ ಮರಳಿನ ನಡುವೆ ಮೊಣಕಾಲುದ್ದದ ನೀರಿನ ಎರಡು ಕವಲು ಹರಿಯುತ್ತಿದ್ದವು. ಒಬ್ಬ ಮುದುಕ ಧೋತರ ಎತ್ತಿಕೊಂಡು, ತಲೆಯ ಮೇಲೆ ಮೇವಿನ ಹೊರೆಯೊಡನೆ ಆಚೆ ದಡದಿಂದ ನಡೆದೇ ಬಂದ. ದಡದ ಹುಣಸೆ ಮರದಡಿ ಹರಿಗೋಲು ಮಗುಚಿ ಬಿದ್ದಿತ್ತು. ಅದರ ಬೆನ್ನ ಮೇಲೆ ಯಾರೋ ಸಂಡಿಗೆ ಒಣಹಾಕಿದ್ದರು. ಬೆನಕಪ್ಪನವರು ಅದನ್ನೇ ಬಹಳ ಹೊತ್ತು ನೋಡಿದರು. ಜಂಬಣ್ಣ ಸಂಡಿಗೆಯನ್ನು ನೋಡಿದ.

ಹುಲುಗೇಶ ಹೂದೋಟದಲ್ಲಿ ಪುಸ್ತಕ ಹಿಡಿದು ಕುಳಿತಿದ್ದ. ಹಾಳೆ ತಿರುವುತ್ತಿರಲಿಲ್ಲ.

"ಸುಳ್ಳು ಹೇಳಂಗಿಲ್ರಿ. ವಾಣಿ ಮ್ಯಾಲೆ ನನಗ ಜೀವ ಐತಿ. ಆದ್ರ ಚೀಟಿ ನಂದಲ್ಲ."

"ನಿನ್ನ ನೋಟ್‌ಬುಕ್ ಯಾರ ಕೈಯಾಗ ಇರ್ತಾವ?"

"ಮೂವರೂ ಹಂಚಿಕೊಂಡು ಬರಕೋತೀವ್ರಿ."

ಬುಧವಾರ ನಾಲ್ಕು ಗಂಟೆಗೆ ಬೆನಕಪ್ಪನವರ ಮಾತಿನಂತೆ ಗುರುಬಸವರಾಜರ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಬೊಮ್ಮಪ್ಪನನ್ನೂ ಕರೆಸಿದ್ದರು. ಹುಲುಗೇಶ ತಾಯಿಯೊಡನೆ ಬಾಗಿಲ ಬಳಿ ನಿಂತ. ಅವನನ್ನು ಕಂಡು ಎದ್ದ ಕೊಟ್ರಸ್ವಾಮಿಯನ್ನು ಜಂಬಣ್ಣ ಭುಜ ಹಿಡಿದು ಕೂರಿಸಿದ.

ಬೆನಕಪ್ಪನವರು ಆ ದಿನದ ಹೂವಿನ ಪೊಟ್ಟಣವನ್ನು ತಟ್ಟೆಯಲ್ಲಿಟ್ಟರು. "ಬೆಳಿಗ್ಗೆ ಆರಕ್ಕ ಇದರಾಗ ಮಸಿ ಪೆನ್ನಿಂದ ಬರೆದ ಚೀಟಿ ಇಟ್ಟೀನಿ. ಎರ್ರೆಮ್ಮ, ಹೂವು ಎದರಿಂದ ಕಟ್ಟತೀ?"

"ಬಾಳಿ ನಾರಿಂದ್ರಿ. ನೀರಾಗ ನೆನಸಿದ್ದು. ಒಣಾ ನಾರು ಮುರೀತೈತಿ."

ಅವರು ಪೊಟ್ಟಣ ಬಿಚ್ಚಿದರು. ಚೀಟಿ ಎಲೆಗೆ ಅಂಟಿಕೊಂಡಿತ್ತು; ಅಕ್ಷರಗಳೆಲ್ಲ ಕರಗಿ ನೀಲಿ ಕಲೆಯಾಗಿದ್ದವು.

"ಮಳೆಗಾಲದ ಟಪಾಲು ಹೀಗೇ ಬರ್ತಿತ್ತು. ಸೋಮವಾರದ ಚೀಟಿ ಒಣಗೇ ಇತ್ತು, ಒಂದು ಅಕ್ಷರ ಹರಡಿರಲಿಲ್ಲ. ಅಂದಮೇಲೆ ಅದು ಮಾಗಳದಿಂದ ಹೂವಿನ ಜೊತೆ ಬಂದದ್ದಲ್ಲ. ಸಂಜೆಗೆ ಸ್ವಲ್ಪ ಮೊದಲು ಈ ಮನೆಯೊಳಗೇ ಇಟ್ಟದ್ದು. ಮನೆಯಲ್ಲಿದ್ದವರು ನಾಲ್ಕು ಜನ."

ಬೆನಕಪ್ಪನವರು ಸೋಮವಾರದ ಚೀಟಿಯನ್ನು ತಟ್ಟೆಯ ಪಕ್ಕಕ್ಕಿಟ್ಟರು.

"ಕೊಟ್ರಬಸಮ್ಮನವರಿಗೆ ಬರಹ ಬಾರದು, ಮೂವರು ಉಳಿದರು. ವಾಣಿಶ್ರೀ ತಂದೆ ಬಿಚ್ಚುವ ಪೊಟ್ಟಣದಲ್ಲಿ ತನ್ನ ಗುಟ್ಟು ತಾನೇ ಇಡುವವಳಲ್ಲ, ಇಬ್ಬರು ಉಳಿದರು. ಈಗ ಚೀಟಿ ಓದ್ರಿ. ಮೊದಲ ಹರಿಗೋಲಿಗೆ ಹೊಳೆ ದಾಟೋಣ. ಎರ್ರೆಮ್ಮ, ಹರಿಗೋಲು ಎಲ್ಲೈತಿ?"

"ಯಪ್ಪಾ, ಅದರ ಮ್ಯಾಲೆ ಸಂಡಗಿ ಹಾಕೀನ್ರಿ. ಹೊಳ್ಯಾಗ ನೀರೆಲ್ಲೈತಿ? ಎಲ್ಲಾರೂ ನಡಕೊಂಡು ದಾಟ್ತಾರ."

"ಮಾಗಳದ ಹುಡುಗ ಬೇಸಿಗೆಯಲ್ಲಿ ಹರಿಗೋಲು ಅಂತ ಬರೆಯೋದಿಲ್ಲ. ವಾರಕ್ಕೆ ಎರಡು ಸಲ ಅದೇ ಹೊಳೆಯೊಳಗೆ ಟ್ರ್ಯಾಕ್ಟರ್ ಇಳಿಸುವ ಕೊಟ್ರಸ್ವಾಮಿಯೂ ಬರೆಯೋದಿಲ್ಲ. ಶ್ರಾವಣದಲ್ಲಿ ಒಂದೇ ಸಲ, ತುಂಬಿದ ಹೊಳೆ ನೋಡಿದವರು ಬರೀತಾರ. ಹುಲುಗೇಶನ ನೋಟ್ಸನ್ನು ಎರಡು ವರ್ಷ ನಕಲು ಮಾಡಿದ ಕೈಗೆ ಅವನ ಅಕ್ಷರವೂ ಬರ್ತೈತಿ." ಅವರ ದನಿ ಇಳಿಯಿತು. "ಯಾಕವ್ವಾ ಗೀತಾಂಜಲಿ?"

ಬೊಮ್ಮಪ್ಪ ಮಗಳ ಮೇಲೆ ಕೈಯೆತ್ತಿದ. ಜಂಬಣ್ಣ ನಡುವೆ ನಿಂತ.

"ಇಬ್ಬರೂ ಖರೇನ ಹೋಗವರಿದ್ರು ರೀ," ಎಂದಳು ಗೀತಾಂಜಲಿ. ಕಣ್ಣು ಒಣಗಿದ್ದವು. "ಕೊನೀ ಪರೀಕ್ಷಿ ಮುಗಿಸಿ. ನನ್ನ ಕಡೆ ಆಣಿ ಹಾಕಿಸಿಕೊಂಡಿದ್ರು. ನಾವು ಚಿಗಟೇರಿ ಬಿಟ್ಟು ಈ ಊರಿಗೆ ಯಾಕ ಬಂದ್ವಿ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮಕ್ಕ ಹಿಂಗ ಹೋದಳು. ಅವತ್ತಿಂದ ಮನ್ಯಾಗ ಆಕಿ ಹೆಸರು ಹಿಡದ್ರ ಅಪ್ಪ ತಾಟು ಬಿಟ್ಟು ಏಳ್ತಾನ. ಆಕಿ ಫೋಟೋ ಸೈತ ಸುಟ್ಟಾರ. ವಾಣಿನೂ ಹಂಗಾಗಬಾರದು ಅಂತ... ಆ ಒಂದು ದಿನ ಆಕಿನ್ನ ಕಾವಲು ಕಾಯ್ತಾರ, ಅಷ್ಟ ಅಂದಕೊಂಡಿದ್ದೆ. ಪರೀಕ್ಷಿ ಬಿಡಸ್ತಾರ ಅಂತ ಗೊತ್ತಿರಲಿಲ್ಲ."

ಗುರುಬಸವರಾಜರು ಮಗಳ ಕಡೆ ತಿರುಗಿದರು. "ಖರೇನಾ?"

"ಖರೇ ಅಪ್ಪಾ." ವಾಣಿಶ್ರೀ ಎದ್ದು ನಿಂತಳು. "ಅವನ ಮ್ಯಾಲೆ ಮನಸೈತಿ. ಹೋಗೋ ವಿಚಾರನೂ ಇತ್ತು. ಇನ್ನ ನಿನಗ ಹೇಳದ ಎಲ್ಲೂ ಹೋಗಂಗಿಲ್ಲ."

ಆಮೇಲೆ ಅವಳು ಗೆಳತಿಯ ಎದುರು ಬಂದಳು. ಹೊಡೆಯುವಳೆಂದು ಜಂಬಣ್ಣ ತಿಳಿದ.

"ಎರಡು ವರ್ಷ ಒಂದ ಬೆಂಚಿನ್ಯಾಗ ಕುಂತೀವಿ. ನಿಮ್ಮಕ್ಕ ಇದ್ದದ್ದ ಹೇಳಲಿಲ್ಲಲ್ಲೇ ನೀನು. ಏನು ಆಕಿ ಹೆಸರು?"

ಗೀತಾಂಜಲಿ ತಂದೆಯನ್ನು ನೋಡಿದಳು. "ಮಂಗಳಾ," ಎಂದಳು ಕೊನೆಗೆ.

ಬೊಮ್ಮಪ್ಪ ಆಗಲೇ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದ. ಒಂದು ಕಾಲಿಗೆ ಮೆಟ್ಟಿ ಹಾಗೇ ನಿಂತ.

"ಮಂಗಳಗೌರಿ," ಎಂದ, ಗೋಡೆಯ ಕಡೆಗೆ. "ಪೂರ್ತಿ ಹೆಸರು ಮಂಗಳಗೌರಿ. ಮೂರು ವರ್ಷ ಆತ್ರಿ ಸಾಹುಕಾರ್ರ. ಎಲ್ಲಿ ಅದಾಳೋ, ಉಂಡಾಳೋ ಇಲ್ಲೋ, ಒಂದೂ ಗೊತ್ತಿಲ್ಲ."

ಗುರುಬಸವರಾಜರು ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಉಡಿದಾರದಿಂದ ಕೀಲಿ ಬಿಚ್ಚಿ, ಬೀರು ತೆರೆದು, ಮಡಚಿದ ಹಾಲ್‌ಟಿಕೆಟ್ಟನ್ನು ಮೊಣಕಾಲ ಮೇಲಿಟ್ಟು ಅಂಗೈಯಿಂದ ನೇರ ಮಾಡಿದರು.

"ಕೊಟ್ರಸ್ವಾಮಿ, ಆ ಹುಡುಗನ ಮೈ ಯಾರೂ ಮುಟ್ಟಂಗಿಲ್ಲ," ಎಂದರು. ಮಗಳ ಮುಖ ನೋಡದೆಯೇ ಕಾಗದ ಚಾಚಿದರು. "ನಾಳೆ ಎಷ್ಟು ಗಂಟಿಗೆ?"

"ಒಂಬತ್ತೂವರಿಗೆ, ಅಪ್ಪಾ."

"ನಾನ ಬಿಟ್ಟು ಬರ್ತೀನಿ. ಗೀತಾನೂ ಇಲ್ಲಿಗೇ ಬರಲಿ."